ರೇಡಿಯೊ ಅಕ್ಕನ ಬಾಯಿ

“ದ ಕ್ಯಾಟ್ ಸ್ಯಾಟ್ ಆನ್ ದ ಬ್ಯಾಟ್,” ಎಂದು ಬಟಾಣಿ ಓದಿದ.

“ಮ್ಯಾಟ್,” ಎಂದಳು ರೇಡಿಯೊ. “ಬೆಕ್ಕು ಯಾಕೋ ಹೋಗಿ ಹೋಗಿ ಬ್ಯಾಟ್ ಮೇಲೆ ಕೂತ್ಕೊಳ್ಳುತ್ತೆ? ಇರಲಿ, ಸೂಪರ್. ಮುಂದಿನ ಪೇಜ್ ತೆಗಿ.”

ಬಟಾಣಿ ಮುಂದಿನ ಪೇಜ್ ತೆಗೆದ. ಅದನ್ನೂ ಗಡಗಡ ಓದಿದ. ಲೈಬ್ರರಿಯ ಹೊರಗೆ, ಗೋಡೆಗೆ ಒರಗಿಸಿದ ಗಿಡ್ಡ ಬೆಂಚಿನ ಮೇಲೆ ಅವನು ಕುಳಿತಿದ್ದ. ಅವನ ಎದುರಿಗೆ ಒಂದು ಕುರ್ಚಿ ಎಳೆದುಕೊಂಡು ರೇಡಿಯೊ ಕುಳಿತಿದ್ದಳು. ಪುಸ್ತಕ ಅವನ ತೊಡೆಯ ಮೇಲಿತ್ತು. ತಲೆಕೆಳಗಾಗಿ ಕಾಣುವ ಅಕ್ಷರಗಳನ್ನು ಓದುವುದು ರೇಡಿಯೊಗೆ ನೀರು ಕುಡಿದಷ್ಟು ಸುಲಭ. ಹಾಗಂತ ಅವಳೇ ಎಲ್ಲರಿಗೂ ಹೇಳಿದ್ದಳು.

ಲೈಬ್ರರಿ ಬಾಗಿಲಲ್ಲಿ, ಇಂಗ್ಲಿಷ್ ಅಕ್ಷರಗಳ ಸದ್ದು ಕಲಿಸುವ ಫೋನಿಕ್ಸ್ ಮೇಡಂ ಪುಸ್ತಕಗಳ ಕಟ್ಟು ಹಿಡಿದುಕೊಂಡು ನಿಂತಿದ್ದರು. ಬಟಾಣಿ ಓದುವುದನ್ನು ಕೇಳಿ ತಲೆಯಾಡಿಸಿದರು. ಅಷ್ಟೇ ಸಾಕಾಯಿತು. ರೇಡಿಯೊ ಕುರ್ಚಿಯಲ್ಲಿ ಅರ್ಧ ಅಡಿ ಎತ್ತರವಾದಳು.

ಅವಳಿಗೆ ಅಪ್ಪ ಅಮ್ಮ ಇಟ್ಟ ಒಳ್ಳೆಯ ಹೆಸರೊಂದಿದೆ. ಆದರೆ ಆ ಹೆಸರಿಂದ ಕರೆದರೆ ಅವಳೇ ತಿರುಗಿ ನೋಡುವುದಿಲ್ಲ. ಬೆಳಗ್ಗೆ ಕಣ್ಣು ಬಿಟ್ಟೊಡನೆ ಶುರುವಾಗುವ ಅವಳ ಮಾತು ರಾತ್ರಿ ದಿಂಬಿಗೆ ತಲೆ ತಾಗಿದ ಮೇಲೂ ಸ್ವಲ್ಪ ಹೊತ್ತು ನಡೆಯುತ್ತಿತ್ತು. ಅದಕ್ಕೇ ಅಣ್ಣ ರೇಡಿಯೊ ಅಂದ. ಹೆಸರು ಶಾಲೆಯವರೆಗೂ ಹೋಗಿ ಅಲ್ಲೇ ಕಾಯಂ ಆಯಿತು. ಪ್ರೇಯರ್ ಹೊತ್ತಿನಲ್ಲಿ ಸುದ್ದಿ ಓದುವವಳೂ ಅವಳೇ. ಮೈಕ್ ಕೆಟ್ಟ ದಿನವೂ ಕೊನೆಯ ಸಾಲಿಗೆ ಚೆನ್ನಾಗಿ ಕೇಳಿಸುತ್ತಿತ್ತು. ಓದುವುದಕ್ಕೆ ಬಹುಮಾನವಿದ್ದರೆ ಅದು ತನಗೇ, ಓದಿಸುವುದಕ್ಕೆ ಇದ್ದರೆ ಅದೂ ತನಗೇ, ಕೊನೆಗೆ ಧನ್ಯವಾದ ಹೇಳುವ ಭಾಷಣವೂ ತನ್ನದೇ ಎಂದು ಅವಳು ತೀರ್ಮಾನ ಮಾಡಿಯಾಗಿತ್ತು.

ಬಟಾಣಿ ಒಂದನೇ ಕ್ಲಾಸು. ಚಿಕ್ಕದಾಗಿ, ಗುಂಡಗೆ ಇದ್ದ. ಅವನ ಹೆಸರಿನ ಬಗ್ಗೆ ಇದಕ್ಕಿಂತ ಹೆಚ್ಚು ವಿವರಿಸುವ ಅಗತ್ಯವಿಲ್ಲ. ರೇಡಿಯೊಳ ಅಮ್ಮ ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ಅದರ ಪಕ್ಕದಲ್ಲೇ ಬಟಾಣಿಯ ಅಪ್ಪನ ಗಡಿಯಾರ ರಿಪೇರಿ ಅಂಗಡಿ. ಶಾಲೆ ಬಿಟ್ಟ ಮೇಲೆ ಇಬ್ಬರೂ ಅಲ್ಲೇ ಇರುತ್ತಿದ್ದರು. ಹಾಗಾಗಿ ಈ ವರ್ಷ ಐದನೇ ಕ್ಲಾಸಿನ ಒಬ್ಬೊಬ್ಬರಿಗೆ ಒಂದನೇ ಕ್ಲಾಸಿನ ಒಂದೊಂದು ಮಗುವನ್ನು ಕೊಟ್ಟು, ಇಂಗ್ಲಿಷ್ ಓದಲು ಸಹಾಯ ಮಾಡಿ ಎಂದಾಗ, ರೇಡಿಯೊ ಕೈಯೆತ್ತಿ ಬಟಾಣಿಯನ್ನೇ ಕೇಳಿ ತೆಗೆದುಕೊಂಡಳು.

ಶುರುವಿನಲ್ಲಿ ಮೇಡಂ ದೊಡ್ಡವರನ್ನೆಲ್ಲ ಕೂರಿಸಿಕೊಂಡು ಒಂದು ಪಾಠ ಮಾಡಿದ್ದರು. ಅಕ್ಷರದ ಹೆಸರು ಬೇರೆ, ಅದರ ಸದ್ದು ಬೇರೆ ಎಂದರು. ‘ಸಿ’ ಎನ್ನುವುದು ಹೆಸರು, ‘ಕ್’ ಎನ್ನುವುದು ಸದ್ದು. ಸದ್ದುಗಳನ್ನು ಒಂದಕ್ಕೊಂದು ಅಂಟಿಸಿದರೆ ಪದ. ‘ಕ’ ಎಂದು ಹೇಳಬೇಡಿ, ‘ಕ್’ ಎನ್ನಿ, ಹಿಂದೆ ‘ಅ’ ಎಂಬ ಬಾಲ ಬೇಡ ಎಂದೂ ಹೇಳಿದರು.

ರೇಡಿಯೊ ಇದನ್ನು ಪೂರ್ತಿ ಕೇಳಿಸಿಕೊಂಡಿರಲಿಲ್ಲ. ಇದೆಲ್ಲ ಪಾಪುಗಳಿಗೆ, ನಮಗೆ ಓದೋಕೆ ಬರುತ್ತಲ್ಲ ಎಂದು ಪಕ್ಕದವಳಿಗೆ ವಿವರಿಸುವುದರಲ್ಲಿ ಮುಳುಗಿದ್ದಳು. ಆಮೇಲೆ ಮೇಡಂ ಒಂದು ಕಾರ್ಡ್ ತೋರಿಸಿ ಓದಿ ಎಂದಾಗ ಎಲ್ಲರಿಗಿಂತ ಮೊದಲು ‘ಬಾಕ್ಸ್’ ಎಂದು ಕೂಗಿದಳು. ಕಾರ್ಡಿನ ಮೇಲೆ ‘ಬೆಕ್ಸ್’ ಎಂದಿತ್ತು. ಅಂಥ ಪದವೇ ಇಲ್ಲ. ಚೆನ್ನಾಗಿ ಓದುವವರೇ ಇಲ್ಲಿ ಜಾರುತ್ತಾರೆ, ಅಕ್ಷರ ನೋಡದೆ ಊಹೆ ಮಾಡಿ ಹಾರಿಬಿಡುತ್ತಾರೆ ಎಂದರು ಮೇಡಂ. ಅದರಲ್ಲಿ ರೇಡಿಯೊ ನೆನಪಿಟ್ಟುಕೊಂಡದ್ದು ‘ಚೆನ್ನಾಗಿ ಓದುವವರು’ ಎಂಬ ಎರಡು ಮಾತನ್ನು ಮಾತ್ರ.

ಆದರೂ ಬಟಾಣಿ ಓದತೊಡಗಿದ್ದ. ಉಳಿದ ಮಕ್ಕಳು ಇನ್ನೂ ಒಂದೊಂದೇ ಸದ್ದನ್ನು ಎಳೆಯುತ್ತಿದ್ದರೆ, ಇವನು ಸಾಲಿಗೆ ಸಾಲನ್ನೇ ಮುಗಿಸುತ್ತಿದ್ದ. ಉಳಿದ ಐದನೇ ಕ್ಲಾಸಿನವರು ಹೇಗೆ, ಹೇಗೆ ಎಂದು ಕೇಳಿದರು. ಕೇಳದವರಿಗೂ ರೇಡಿಯೊ ಹೇಳಿದಳು. ಅವಳದೇ ಒಂದು ಮೆಥಡ್ ಇದೆಯಂತೆ. ಕಣ್ಣಲ್ಲಿ ಕಣ್ಣಿಟ್ಟು ಕೂತು, ಮಗುವಿಗೆ ಧೈರ್ಯ ಕೊಡಬೇಕಂತೆ.

ಒಂದೇ ಒಂದು ಸಣ್ಣ ತೊಂದರೆ ಇತ್ತು. ಬಟಾಣಿ ಮ್ಯಾಟ್‌ಗೆ ಬ್ಯಾಟ್ ಎನ್ನುತ್ತಿದ್ದ, ಬಿಗ್‌ಗೆ ಪಿಗ್ ಎನ್ನುತ್ತಿದ್ದ. ಅವನಿಗೆ ಆಗಾಗ ನೆಗಡಿಯಾಗುತ್ತಿತ್ತಲ್ಲ, ಅದಕ್ಕೇ ಹೀಗೆ ಎಂದು ರೇಡಿಯೊ ಡಾಕ್ಟರ ಹಾಗೆ ಹೇಳಿ ಮುಗಿಸಿದ್ದಳು.

ಶುಕ್ರವಾರ ಮೇಡಂ ಚಿಕ್ಕವರ ಓದು ನೋಡುವವರಿದ್ದರು. ಒಂದು ಹಾಳೆಯ ತುಂಬ ಅರ್ಥವೇ ಇಲ್ಲದ ಪದಗಳು. ಪ್ರತಿ ಪದದ ಪಕ್ಕ ಎಲ್ಲೂ ಇಲ್ಲದ ಒಂದು ಪ್ರಾಣಿಯ ಚಿತ್ರ. ಆ ಪದವೇ ಅದರ ಹೆಸರು ಅಂದುಕೊಳ್ಳಬೇಕು. ಚಿತ್ರ ನೋಡಿ ಊಹಿಸಲೂ ಆಗದು, ಬಾಯಿಪಾಠ ಮಾಡಿ ಒಪ್ಪಿಸಲೂ ಆಗದು. ಅದನ್ನು ಓದಿದವರು ಅಂದಿನಿಂದ ಲೈಬ್ರರಿ ಪುಸ್ತಕ ಮನೆಗೆ ಒಯ್ಯಬಹುದು.

ಬಟಾಣಿಗೆ ಬೇಕಾಗಿದ್ದದ್ದು ಒಂದೇ ಪುಸ್ತಕ. ಮಣ್ಣು ಅಗೆಯುವ ದೊಡ್ಡ ದೊಡ್ಡ ಯಂತ್ರಗಳದ್ದು. ಗಾಜಿನ ಬೀರುವಿನಲ್ಲಿ ಅದು ಮುಖ ಮುಂದೆ ಮಾಡಿಕೊಂಡು ನಿಂತಿತ್ತು. ಬಟಾಣಿ ದಿನವೂ ಗಾಜಿಗೆ ಮೂಗು ಒತ್ತಿಕೊಂಡು ಅದನ್ನು ನೋಡುತ್ತಿದ್ದ. ಬೇರೆ ಯಾರಾದರೂ ತೆಗೆದುಕೊಂಡುಬಿಟ್ಟರೆ ಎಂದು ದಿನವೂ ಕೇಳುತ್ತಿದ್ದ. ನಾನಿದ್ದೀನಲ್ಲ, ನಿಂಗ್ಯಾಕೆ ಭಯ ಎಂದು ರೇಡಿಯೊ ದಿನವೂ ಹೇಳುತ್ತಿದ್ದಳು.

ಬುಧವಾರ ಸಂಜೆ ಇಬ್ಬರೂ ಕನ್ನಡಕದ ಅಂಗಡಿಯಲ್ಲಿದ್ದರು. ಅಲ್ಲಿ ಎಲ್ಲಿ ನೋಡಿದರೂ ಕನ್ನಡಿ. ಗೋಡೆಯ ಮೇಲೆ, ಫ್ರೇಮುಗಳ ನಡುವೆ, ಮೇಜಿನ ಮೇಲೆ. ಅಮ್ಮ ಒಬ್ಬ ಗಿರಾಕಿಯ ಕನ್ನಡಕಕ್ಕೆ ಮೂಗಿನ ಮೇಲೆ ಕೂರುವ ಪುಟ್ಟ ಬಿಲ್ಲೆಗಳನ್ನು ಹಾಕುತ್ತಿದ್ದರು. ಇಬ್ಬರೂ ಮೂಲೆಯ ಸ್ಟೂಲುಗಳ ಮೇಲೆ ಎದುರುಬದುರು ಕುಳಿತು ಹೊಸ ಪುಸ್ತಕ ತೆಗೆದರು.

ಬಟಾಣಿ ಓದುತ್ತಿದ್ದ. ಅವನ ತಲೆಯ ಹಿಂದೆ ಗೋಡೆಯಲ್ಲಿ ದೊಡ್ಡ ಕನ್ನಡಿ. ಅದರಲ್ಲಿ ಯಾರೋ ಒಬ್ಬಳು ಹುಡುಗಿ ಬಾಯಿ ಅಗಲಿಸುತ್ತಿದ್ದಳು, ತುಟಿ ಚೂಪು ಮಾಡುತ್ತಿದ್ದಳು, ಹಲ್ಲು ಕಿರಿಯುತ್ತಿದ್ದಳು, ಮತ್ತೆ ಬಾಯಿ ಮುಚ್ಚುತ್ತಿದ್ದಳು. ಪಾಪ, ಯಾರಿಗೋ ಬಿಸಿ ಆಲೂಗಡ್ಡೆ ಬಾಯಲ್ಲಿ ಸಿಕ್ಕಿಕೊಂಡಿದೆ ಎಂದುಕೊಂಡಳು ರೇಡಿಯೊ. ನಗುವೂ ಬಂತು. ಕನ್ನಡಿಯ ಹುಡುಗಿಯೂ ನಕ್ಕಳು.

ರೇಡಿಯೊಳ ನಗು ಅಲ್ಲೇ ನಿಂತಿತು.

ಅದು ಅವಳೇ. ಬಟಾಣಿ ಒಂದು ಪದ ಹೇಳುವ ಮೊದಲೇ ಅವಳ ಬಾಯಿ ಸದ್ದಿಲ್ಲದೆ ಆ ಪದವನ್ನು ಹೇಳಿ ಮುಗಿಸುತ್ತಿತ್ತು. ಬಟಾಣಿಯ ಕಣ್ಣು ಪುಸ್ತಕದ ಮೇಲಿರಲಿಲ್ಲ. ಚಿತ್ರವನ್ನೊಮ್ಮೆ ನೋಡಿದವನು ಅವಳ ಮುಖವನ್ನೇ ನೋಡಿಕೊಂಡು ಓದುತ್ತಿದ್ದ. ಕಣ್ಣಲ್ಲಿ ಕಣ್ಣಿಟ್ಟು ಧೈರ್ಯ ಕೊಡುವ ಮೆಥಡ್ ಇದೇ.

ಅವಳು ಮೆಲ್ಲಗೆ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬಟಾಣಿ ಸಾಲಿನ ಮಧ್ಯದಲ್ಲಿ ನಿಂತ.

“ಓದೋ,” ಎಂದಳು ಕೈಯ ಹಿಂದಿನಿಂದ.

“ಹೆಂಗೆ ಓದ್ಲಿ ಅಕ್ಕ? ನಿನ್ನ ಬಾಯೇ ಕಾಣಿಸ್ತಾ ಇಲ್ಲ.”

ಅವನು ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಏನಾದರೂ ಇದೆ ಎಂದೇ ಅವನಿಗೆ ಗೊತ್ತಿರಲಿಲ್ಲ. ಪುಸ್ತಕದಲ್ಲಿ ಚಿತ್ರ ನೋಡಬೇಕು, ಅಕ್ಕನ ಬಾಯಲ್ಲಿ ಪದ ನೋಡಬೇಕು, ಓದುವುದು ಎಂದರೆ ಅದೇ ಎಂದುಕೊಂಡಿದ್ದ. ಬೇರೆ ಮಕ್ಕಳ ಅಕ್ಕಂದಿರ ಬಾಯಿ ಇಷ್ಟು ಚೆನ್ನಾಗಿ ಕಾಣಿಸುವುದಿಲ್ಲ, ನಿನ್ನದೇ ಬೆಸ್ಟ್ ಎಂದು ಸರ್ಟಿಫಿಕೇಟನ್ನೂ ಕೊಟ್ಟ.

ರೇಡಿಯೊ ಕನ್ನಡಿಯತ್ತ ತಿರುಗಿ ಸದ್ದಿಲ್ಲದೆ ಪ್ಯಾಟ್ ಎಂದಳು. ಬ್ಯಾಟ್ ಎಂದಳು. ಮ್ಯಾಟ್ ಎಂದಳು. ಮೂರಕ್ಕೂ ತುಟಿ ಒಂದೇ ಥರ ಕೂಡಿಕೊಂಡು ಒಂದೇ ಥರ ಬಿಚ್ಚಿಕೊಂಡವು. ಪಾಪದ ನೆಗಡಿಯದ್ದೇನೂ ತಪ್ಪಿರಲಿಲ್ಲ.

ಅವಳ ಮುಖ ಸಣ್ಣದಾದದ್ದನ್ನು ಕಂಡು ಬಟಾಣಿಯೇ ಸಮಾಧಾನ ಮಾಡಿದ.

“ಶುಕ್ರವಾರ ನೀನು ಎದುರಿಗೇ ಕೂತ್ಕೊಳ್ತೀಯಲ್ಲ ಅಕ್ಕ. ಏನೂ ಆಗಲ್ಲ ಬಿಡು.”

ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಕಣ್ಣು ಪರೀಕ್ಷೆಗೆ ಬಂದವರು ಕಾಯುವ ಸ್ಟೂಲಿನ ಮೇಲೆ ಕೂತೇ ಬೋರ್ಡಿನ ಅಕ್ಷರಗಳನ್ನೆಲ್ಲ ಬಾಯಿಪಾಠ ಮಾಡಿಕೊಳ್ಳುತ್ತಾರೆ, ಆಮೇಲೆ ಒಂದೂ ತಪ್ಪಿಲ್ಲದೆ ಒಪ್ಪಿಸಿ, ಹೊರಗೆ ಹೋಗುವಾಗ ಗಾಜಿನ ಬಾಗಿಲಿಗೆ ಹಣೆ ಹೊಡೆದುಕೊಳ್ಳುತ್ತಾರೆ ಎಂದರು. ಯಾರಿಗೆ ಹೇಳಿದ್ದೆಂದು ಹೇಳಲಿಲ್ಲ. ಬಟ್ಟೆಯಿಂದ ಕನ್ನಡಕ ಒರೆಸುತ್ತಲೇ ಇದ್ದರು.

ಆ ಸಂಜೆ ಮನೆಯಲ್ಲಿ ರೇಡಿಯೊ ಮಾತಾಡಲಿಲ್ಲ. ಅಪ್ಪ ಹಣೆ ಮುಟ್ಟಿ ಜ್ವರ ನೋಡಿದರು. ಅಮ್ಮನಿಂದ ವಿಷಯ ತಿಳಿದ ಅಣ್ಣ ಸೋಫಾದ ಮೇಲೆ ಹೊಟ್ಟೆ ಹಿಡಿದುಕೊಂಡು ಹೊರಳಾಡಿ ನಕ್ಕ.

“ನೀನು ಟೀಚರ್ ಅಲ್ಲ ಕಣೇ,” ಎಂದ. “ನೀನು ಸಬ್‌ಟೈಟಲ್.”

ಬೇರೆ ದಿನವಾಗಿದ್ದರೆ ಅದಕ್ಕೆ ಹತ್ತು ಉತ್ತರ ಕೊಡುತ್ತಿದ್ದಳು. ಆದರೆ ಅವನು ಹೇಳಿದ್ದು ಸರಿಯಾಗಿತ್ತು. ಎಲ್ಲರೆದುರು ಕೊಚ್ಚಿಕೊಂಡದ್ದು ಒಂದೊಂದಾಗಿ ನೆನಪಾಗಿ ಕಿವಿ ಬಿಸಿಯಾಯಿತು. ನನ್ನ ಮೆಥಡ್ ಅಂತೆ ಮೆಥಡ್ ಎಂದು ತನ್ನನ್ನೇ ಅಣಕಿಸಿಕೊಂಡಳು. ಬಟಾಣಿ ಶುಕ್ರವಾರ ಬಾಯಿ ಬಿಡದೆ ಕೂತುಬಿಟ್ಟರೆ, ಅದು ಅವನು ದಡ್ಡ ಎಂದಲ್ಲ. ಕಲಿಯಬೇಕಾದ ಅಷ್ಟು ದಿನಗಳನ್ನೆಲ್ಲ ಅವಳು ತನ್ನ ಬಾಯಿಂದ ತಿಂದುಹಾಕಿದ್ದಳು.

ಮರುದಿನ ಬೆಳಗ್ಗೆ ಅವಳು ಫೋನಿಕ್ಸ್ ಮೇಡಂ ಬಳಿ ಹೋದಳು. ತನ್ನ ಒಬ್ಬ ಫ್ರೆಂಡ್‌ಗೆ ಪಾಪ ಸ್ವಲ್ಪ ತೊಂದರೆಯಾಗಿದೆ, ಸದ್ದು ಹೇಳಿಕೊಡುವುದು ಸರಿಯಾಗಿ ಗೊತ್ತಾಗುತ್ತಿಲ್ಲ, ಆ ಪಾಠ ನಡೆಯುವಾಗ ಅವಳು ಯಾರ ಜೊತೆಗೋ ಮಾತಾಡುತ್ತಿದ್ದಳಂತೆ ಎಂದಳು.

ಮೇಡಂ ಒಂಚೂರೂ ನಗಲಿಲ್ಲ. ಆ ಫ್ರೆಂಡ್‌ಗೆ ತಲುಪಿಸು ಎಂದು ಮತ್ತೆ ಮೊದಲಿನಿಂದ ತೋರಿಸಿದರು. ‘ಸ’ ಅಲ್ಲ, ಹಾವಿನ ಹಾಗೆ ‘ಸ್’. ‘ಮ’ ಅಲ್ಲ, ತುಟಿ ಕೂಡಿಸಿ ‘ಮ್’. ‘ಟ್’ ಎಂದರೆ ಟಕ್ಕನೆ ಮುಗಿಯಬೇಕು, ಹಿಂದೆ ಏನೂ ಉಳಿಯಬಾರದು. ಬಾಲಗಳನ್ನು ಹಾಗೇ ಉಳಿಸಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಪದ ಕೂಡುವುದೇ ಇಲ್ಲ. ರೇಡಿಯೊ ಒಂದೊಂದನ್ನೂ ಹೇಳಿ ನೋಡಿದಳು. ಹೇಳುವುದು ಕಷ್ಟವೇನಿರಲಿಲ್ಲ. ಕೇಳಿಸಿಕೊಳ್ಳುವುದೇ ಅವಳಿಗೆ ಹೊಸದು.

ಹೊರಡುವಾಗ ಮೇಡಂ ಮತ್ತೆ ಕರೆದರು.

“ನಿನ್ನ ಫ್ರೆಂಡ್‌ಗೆ ಇನ್ನೊಂದು ಹೇಳು. ಮಗು ಸುಮ್ನೆ ಇದೆ ಅಂದ್ರೆ ಅದಕ್ಕೆ ಗೊತ್ತಿಲ್ಲ ಅಂತ ಅಲ್ಲ. ಒಳಗೆ ಕೆಲಸ ನಡೀತಾ ಇರುತ್ತೆ. ಆಗ ಬಾಯಿ ಹಾಕಬಾರದು.”

ಸಂಜೆ ಅಂಗಡಿಯಲ್ಲಿ ರೇಡಿಯೊ ಅಮ್ಮನ ಮಾಸ್ಕ್ ಹಾಕಿಕೊಂಡು ಕುಳಿತಳು. ಈಗ ಬಾಯಿ ಕಾಣಿಸುವಂತಿರಲಿಲ್ಲ. ಬಟಾಣಿ ಅವಳು ಪದ ಬರೆದುಕೊಟ್ಟ ಹಾಳೆಯನ್ನೂ ನೋಡಿದ, ಅವಳನ್ನೂ ನೋಡಿದ. ಸ್ವಲ್ಪ ಹೊತ್ತಿಗೆ ಮತ್ತೆ ಸರಿಯಾಗಿ ಹೇಳತೊಡಗಿದ. ರೇಡಿಯೊಗೆ ಅನುಮಾನ ಬಂತು. ಕನ್ನಡಿ ನೋಡಿಕೊಂಡಳು. ಸರಿಯಾದ ಸದ್ದು ಬಂದಾಗ ಅವಳ ಹುಬ್ಬು ಹಣೆಗೆ ಹಾರುತ್ತಿತ್ತು, ತಪ್ಪು ಬಂದಾಗ ಗಂಟಿಕ್ಕುತ್ತಿತ್ತು. ಬಾಯಿ ರಜೆ ಹಾಕಿದರೆ ಹುಬ್ಬು ಡ್ಯೂಟಿಗೆ ಬಂದಿತ್ತು.

ಶೆಲ್ಫಿನಿಂದ ಎಲ್ಲಕ್ಕಿಂತ ದೊಡ್ಡ ಕಪ್ಪು ಕನ್ನಡಕ ತೆಗೆದು ಹಾಕಿಕೊಂಡಳು. ಅಷ್ಟರಲ್ಲಿ ಒಳಗೆ ಬಂದ ಗಿರಾಕಿ ಒಬ್ಬರು ಬಾಗಿಲಲ್ಲೇ ನಿಂತು, ಇಲ್ಲೇನಾದರೂ ಕಳ್ಳತನ ನಡೆಯುತ್ತಿದೆಯೇ ಎಂದು ಅಮ್ಮನನ್ನು ಕೇಳಿದರು. ಅಲ್ಲ, ಪಾಠ ನಡೆಯುತ್ತಿದೆ ಎಂದರು ಅಮ್ಮ.

ಈಗ ಬಟಾಣಿಗೆ ನೋಡಲು ಹಾಳೆಯೊಂದನ್ನು ಬಿಟ್ಟು ಏನೂ ಉಳಿಯಲಿಲ್ಲ. ಅವನು ‘ಸ, ಇ, ಟ’ ಎಂದ. ಕೂಡಿಸಲು ಹೋಗಿ ‘ಸಇಟ’ ಎಂದ. ಅದೇನೆಂದು ಅವನಿಗೇ ತಿಳಿಯಲಿಲ್ಲ. ಆ ಬಾಲಗಳನ್ನು ಹಚ್ಚಿಕೊಟ್ಟವಳು ಯಾರೆಂದು ರೇಡಿಯೊಗೆ ಚೆನ್ನಾಗಿ ಗೊತ್ತಿತ್ತು. ಪ್ರತಿ ಸದ್ದಿನ ಹಿಂದೆ ಎರಡು ಬೆರಳನ್ನು ಕತ್ತರಿ ಮಾಡಿ ಬಾಲ ಕತ್ತರಿಸು ಎಂದಳು. ಬಟಾಣಿಗೆ ಅದು ಬಲು ಇಷ್ಟವಾಯಿತು. ಗಾಳಿಯಲ್ಲಿ ಕಚಕ್ ಕಚಕ್ ಎಂದು ಕತ್ತರಿಸುತ್ತ ಹೇಳಿದ.

“ಸ್… ಇ… ಟ್…”

ಆಮೇಲೆ ಸುಮ್ಮನಾದ. ರೇಡಿಯೊ ಕಾದಳು. ಗೋಡೆಯಾಚೆ ಬಟಾಣಿಯ ಅಪ್ಪನ ಅಂಗಡಿಯ ಗಡಿಯಾರಗಳೆಲ್ಲ ಟಿಕ್ ಟಿಕ್ ಎನ್ನುತ್ತಿದ್ದವು. ಇನ್ನೂ ಕಾದಳು. ಗಂಟಲಲ್ಲಿ ತುರಿಕೆ ಶುರುವಾಯಿತು. ಕಾಲು ತಾನಾಗಿ ಕುಣಿಯತೊಡಗಿತು. ಒಂದು ಪದಕ್ಕೆ ಇಷ್ಟು ಹೊತ್ತು ಹಿಡಿಯುತ್ತದೆಯೇ ಎಂದು ಅವಳಿಗೆ ಸಂಕಟವಾಯಿತು.

“ಸಿಟ್,” ಎಂದುಬಿಟ್ಟಳು ಮಾಸ್ಕಿನೊಳಗಿಂದ.

ಬಟಾಣಿ ಹಾಳೆಯಿಂದ ತಲೆ ಎತ್ತಿದ. ಅವನ ಕೆಳತುಟಿ ಮುಂದಕ್ಕೆ ಬಂದಿತ್ತು.

“ನಾನೇ ಹೇಳ್ತಾ ಇದ್ದೆ ಅಕ್ಕ.”

ಅವನು ಯಾವತ್ತೂ ಅವಳ ಮೇಲೆ ಮುನಿಸಿಕೊಂಡವನಲ್ಲ. ಇವತ್ತು ಹಾಳೆ ಮಡಚಿಟ್ಟು ಎದ್ದು ಹೋದ. ಪಕ್ಕದಲ್ಲಿ ಅವನ ಅಪ್ಪ ಶಟರ್ ಎಳೆಯುತ್ತಿದ್ದ ಸದ್ದು ಕೇಳಿಸಿತು. ರೇಡಿಯೊ ಕಪ್ಪು ಕನ್ನಡಕ ಹಾಕಿಕೊಂಡೇ ಕೂತಿದ್ದಳು. ಅಳು ಬಂದದ್ದು ಕಾಣಿಸದಿರಲು ಅದು ಬಹಳ ಅನುಕೂಲವಾಗಿತ್ತು.

ಶುಕ್ರವಾರ ಲೈಬ್ರರಿಯ ಮುಂದೆ ಚಿಕ್ಕವರ ಸಾಲು ನಿಂತಿತು. ಒಳಗೆ ಒಂದು ಮೇಜು. ಅದರ ಒಂದು ಬದಿಗೆ ಮೇಡಂ, ಇನ್ನೊಂದು ಬದಿಗೆ ಮಗು. ಮಗುವಿಗೆ ಧೈರ್ಯವಿರಲಿ ಎಂದು ಅದರ ಅಕ್ಕನೋ ಅಣ್ಣನೋ ಎದುರಿಗೆ, ಮೇಡಂ ಪಕ್ಕದಲ್ಲಿ ಕೂರಬಹುದು. ಮಾತಾಡಬಾರದು, ಅಷ್ಟೇ. ಮಾತಾಡಬಾರದು ಎಂಬ ನಿಯಮ ರೇಡಿಯೊಳನ್ನು ತಡೆಯುವಂತಿರಲಿಲ್ಲ. ಅವಳ ಬಾಯಿ ಇಷ್ಟು ದಿನ ಓದಿಸಿದ್ದು ಮಾತಾಡದೆಯೇ.

ಬಟಾಣಿ ಬಂದು ಕುಳಿತ. ಬೀರುವಿನಲ್ಲಿ ಯಂತ್ರಗಳ ಪುಸ್ತಕ ಇನ್ನೂ ಇದೆಯೇ ಎಂದು ಮೊದಲು ನೋಡಿಕೊಂಡ. ಇತ್ತು. ಮೇಡಂ ಮೇಜಿನ ಖಾನೆಯಿಂದ ಹೊಸ ಹಾಳೆ ತೆಗೆಯುತ್ತಿದ್ದರು. ಬಟಾಣಿ ಆ ಹಾಳೆಯ ಕಡೆ ನೋಡಲಿಲ್ಲ. ನಿನ್ನೆಯ ಮುನಿಸು ಮರೆತು, ಎರಡೂ ಕೈ ಮೇಜಿನ ಮೇಲಿಟ್ಟುಕೊಂಡು, ರೇಡಿಯೊಳ ಬಾಯನ್ನೇ ನೋಡುತ್ತ ರೆಡಿಯಾಗಿ ಕುಳಿತ.

ರೇಡಿಯೊಳ ತುಟಿಗಳೂ ರೆಡಿಯಾದವು. ಯಾರಿಗೂ ಗೊತ್ತಾಗುವುದಿಲ್ಲ. ಬಟಾಣಿಗೆ ಪುಸ್ತಕ ಸಿಗುತ್ತದೆ. ಮೇಡಂ ತಲೆಯಾಡಿಸುತ್ತಾರೆ. ಮೆಥಡ್ ಉಳಿಯುತ್ತದೆ. ಸಂಜೆ ಬಟಾಣಿ ಪುಸ್ತಕ ಹೊತ್ತುಕೊಂಡು ಮನೆಗೆ ಹೋಗುತ್ತಾನೆ, ಕಾಲು ಮಡಚಿ ಕೂತು ಅದನ್ನು ತೆರೆಯುತ್ತಾನೆ, ಪದಕ್ಕಾಗಿ ತಲೆ ಎತ್ತಿ ನೋಡುತ್ತಾನೆ. ಅಲ್ಲಿ ಅವಳ ಬಾಯಿ ಇರುವುದಿಲ್ಲ.

ಅವಳು ಎದ್ದಳು. ಕುರ್ಚಿಯನ್ನು ಎತ್ತಿ ಹಿಂದುಮುಂದು ಮಾಡಿ ಇಟ್ಟಳು. ಬಟಾಣಿಗೆ ಬೆನ್ನು ತೋರಿಸಿ ಕುಳಿತುಕೊಂಡಳು.

ಯಾಕೆ ಎಂದು ಮೇಡಂ ಕೇಳಲಿಲ್ಲ. ಹಾಳೆಯನ್ನು ಮೇಜಿನ ಮೇಲಿಟ್ಟ ಸದ್ದಾಯಿತು. ಆಮೇಲೆ ಯಾವ ಸದ್ದೂ ಇಲ್ಲ.

ಎದುರಿಗೆ ಕಿಟಕಿ. ಹೊರಗೆ ಯಾರೋ ಸೈಕಲ್ ತುಳಿಯುತ್ತ ಹೋದರು. ಅವಳಿಗೆ ಬಟಾಣಿಯ ಮುಖ ಕಾಣುತ್ತಿರಲಿಲ್ಲ. ಅತ್ತುಬಿಟ್ಟನೋ, ಎದ್ದು ಹೋದನೋ ಗೊತ್ತಾಗಲಿಲ್ಲ. ನಾನು ಅವನನ್ನು ಕೈಬಿಟ್ಟೆ ಎಂದುಕೊಂಡಿರುತ್ತಾನೆ ಎನಿಸಿತು. ತಿರುಗಿಬಿಡಲೇ ಎಂದುಕೊಂಡಳು. ಕುರ್ಚಿಯ ಎರಡೂ ಬದಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ನ್…” ಎಂದಿತು ಹಿಂದಿನಿಂದ ಒಂದು ಸಣ್ಣ ಧ್ವನಿ.

ಅವಳು ತಿರುಗಲಿಲ್ಲ.

“ಇ…”

ಸಾಲಿನಲ್ಲಿದ್ದ ಒಬ್ಬ, ಇನ್ನೂ ಆಗಿಲ್ಲವಾ ಎಂದು ಗೊಣಗಿದ. ಅವನ ಬಾಯಿಗೆ ಬಟ್ಟೆ ತುರುಕಬೇಕೆನಿಸಿತು ರೇಡಿಯೊಗೆ. ಇದು ಯಾರು ಯಾರಿಗೆ ಹೇಳುವ ಮಾತು ಎಂದು ತಕ್ಷಣವೇ ನಾಚಿಕೆಯೂ ಆಯಿತು.

“ಫ್…”

ಮತ್ತೆ ಮೌನ. ಅದು ಎಷ್ಟು ಉದ್ದವಿತ್ತೆಂದರೆ ಅದರೊಳಗೆ ರೇಡಿಯೊ ಬೇರೆ ದಿನವಾದರೆ ಒಂದು ಸುದ್ದಿ ಓದಿ ಮುಗಿಸಿ ಹವಾಮಾನವನ್ನೂ ಹೇಳುತ್ತಿದ್ದಳು. ಒಳಗೆ ಕೆಲಸ ನಡೀತಾ ಇರುತ್ತೆ, ಒಳಗೆ ಕೆಲಸ ನಡೀತಾ ಇರುತ್ತೆ ಎಂದು ತನಗೆ ತಾನೇ ಹೇಳಿಕೊಂಡಳು. ತುಟಿ ಅಲ್ಲಾಡಿಸದೆ ಹೇಳಿಕೊಂಡಳು.

“ನಿಫ್,” ಎಂದ ಬಟಾಣಿ.

ನಿಫ್. ಆ ಪದವನ್ನು ರೇಡಿಯೊ ಯಾವತ್ತೂ ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಅದು ಸರಿಯೋ ತಪ್ಪೋ ಅವಳಿಗೆ ಗೊತ್ತಿಲ್ಲ. ಆದರೆ ಅದು ಅವಳ ಬಾಯಿಂದ ಹೋದದ್ದಲ್ಲ, ಅದಂತೂ ಗೊತ್ತು. ಅವನೇ ಹಾಳೆಯ ಮೇಲಿಂದ ಹೆಕ್ಕಿ, ಅಂಟಿಸಿ, ಎತ್ತಿದ ಪದ. ಅವಳ ಕಣ್ಣು ತುಂಬಿ ಬಂತು. ಕಪ್ಪು ಕನ್ನಡಕವೂ ಇರಲಿಲ್ಲ.

ಬಟಾಣಿ ಮುಂದಿನದಕ್ಕೆ ಹೋದ. ಒಂದೊಂದೇ ಸದ್ದು, ಒಂದೊಂದೇ ಪದ. ಒಂದು ಕಡೆ ಏನೋ ಹೇಳಿ, ಅಲ್ಲ ಅಲ್ಲ ಎಂದು ತಾನೇ ನಿಲ್ಲಿಸಿ, ಮತ್ತೆ ಮೊದಲಿನಿಂದ ಕತ್ತರಿಸಿ ಜೋಡಿಸಿದ. ಒಂದು ಕಡೆ ಆಗುವುದೇ ಇಲ್ಲ ಎಂದು ಬಿಟ್ಟು ಮುಂದೆ ಹೋದ. ಕಿಟಕಿಯ ಹೊರಗೆ ಸೈಕಲ್ ಹೋದವರು ವಾಪಸ್ಸೂ ಬಂದರು. ರೇಡಿಯೊ ಅಲ್ಲಾಡಲಿಲ್ಲ.

“ಸಾಕು,” ಎಂದರು ಮೇಡಂ.

ಪೆನ್ಸಿಲ್ ಕೆಳಗಿಟ್ಟ ಸದ್ದಾಯಿತು. ರೇಡಿಯೊ ಕಣ್ಣು ಮುಚ್ಚಿಕೊಂಡಳು.

“ಯಾವ ಪುಸ್ತಕ ಬೇಕಪ್ಪ ನಿಂಗೆ?”

ಎಲ್ಲ ಪದಗಳೂ ಸರಿಯಾಗಿರಲಿಲ್ಲ. ಸಾಕಾಗುವಷ್ಟು ಸರಿಯಾಗಿದ್ದವು. ತಪ್ಪಿದವುಗಳಲ್ಲೂ ಮ್ಯಾಟಿಗೆ ಬ್ಯಾಟ್ ಎಂಬಂಥದ್ದು ಒಂದೂ ಇರಲಿಲ್ಲ. ಬಟಾಣಿ ಇದನ್ನೆಲ್ಲ ಕೇಳಲು ನಿಲ್ಲದೆ ಬೀರುವಿನ ಹತ್ತಿರ ಓಡಿದ್ದ.

ಹೋಗುವ ಮುಂಚೆ ರೇಡಿಯೊ ಮೇಡಂ ಮುಂದೆ ನಿಂತು, ಆ ಫ್ರೆಂಡ್ ಅಂದಿದ್ದೆನಲ್ಲ, ಅದು ನಾನೇ ಎಂದಳು. ಹೌದಾ, ನಾನು ಅಂದುಕೊಂಡೇ ಇರಲಿಲ್ಲ ಎಂದರು ಮೇಡಂ, ಮುಂದಿನ ಹಾಳೆ ತೆಗೆಯುತ್ತ. ಈ ಸಲ ಅವರಿಗೆ ನಗು ತಡೆಯಲಾಗಲಿಲ್ಲ.

ಊಟದ ಬಿಡುವಿನಲ್ಲಿ ಬಟಾಣಿ ಬೆಂಚಿನ ಮೇಲೆ ಕುಳಿತಿದ್ದ. ಪುಸ್ತಕ ಅವನ ತೊಡೆಗಿಂತ ದೊಡ್ಡದಿತ್ತು. ಅದರ ಮುಖಪುಟದ ಮೇಲೆ ಹಳದಿ ಯಂತ್ರವೊಂದು ಬಕೆಟ್ ತುಂಬ ಮಣ್ಣು ಎತ್ತಿ ನಿಂತಿತ್ತು. ಅದರ ಕೆಳಗೆ ದಪ್ಪ ಅಕ್ಷರಗಳು. ರೇಡಿಯೊ ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು. ಆ ದಪ್ಪ ಅಕ್ಷರಗಳು ತಲೆಕೆಳಗಾಗಿ ಅವಳ ಕಣ್ಣಿಗೆ ಬಿದ್ದವು. ಬಾಯಿ ತಾನಾಗಿ ತೆರೆದುಕೊಂಡಿತು.

ಬಟಾಣಿ ಪುಸ್ತಕವನ್ನು ಎದೆಗೆ ಅವುಚಿಕೊಂಡ.

“ಅಕ್ಕ, ಬೇಜಾರ್ ಮಾಡ್ಕೋಬೇಡ,” ಎಂದ. “ಸ್ವಲ್ಪ ಆ ಕಡೆ ತಿರುಗಿ ಕೂತ್ಕೊಳ್ತೀಯಾ?”

ಇಡೀ ಶಾಲೆಗೆ ಮೆಥಡ್ ಹೇಳಿಕೊಟ್ಟವಳು ಎದ್ದು, ಕುರ್ಚಿ ತಿರುಗಿಸಿ, ಆ ಕಡೆ ಮುಖ ಮಾಡಿ ಕೂತಳು. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಒಂದು ಗೋಡೆ, ಬಣ್ಣ ಎದ್ದುಹೋದ ಒಂದು ಜಾಗ, ಅದರ ಮೇಲೆ ಹತ್ತುತ್ತಿದ್ದ ಒಂದು ಇರುವೆ.

“ಡ್…” ಎಂದ ಬಟಾಣಿ, ಅವಳ ಬೆನ್ನ ಹಿಂದೆ.

ಪೂರ್ತಿ ಪದ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿಕೊಂಡಳು. ಇರುವೆ ಮೇಲಕ್ಕೆ ಹೋಗುವುದನ್ನು ನೋಡುತ್ತ, ಅವನ ಮುಂದಿನ ಸದ್ದು ಬರಲಿ ಎಂದು ಕಾಯುತ್ತ ಕೂತಳು.